ಡಬ್ಬಿಗೆ ಕಾಲು ಕೂಡಿಸಿದ್ದು

"ಮಾವ, ಈ ಸಲ ಬಂದಾಗ ನಿಮಗೆ ನನ್ನ ಲೇಔಟ್ ತೋರಿಸಬೇಕು" ಎಂದು ಅಳಿಯಂದಿರು ಫೋನಿನಲ್ಲಿ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಯಲಹಂಕದಲ್ಲಿ ಮೂವತ್ತು ವರ್ಷ ಬಾಳಿದವನಿಗೆ ಲೇಔಟ್ ಎಂದರೆ ಇನ್ನೇನು? ಮೂವತ್ತು-ನಲವತ್ತರ ಸೈಟುಗಳು, ಮೂಲೆಯಲ್ಲೊಂದು ಗಣಪತಿ ಗುಡಿ, ಕಾವೇರಿ ನೀರು ಎಂದು ಬಂದೀತು ಎಂಬ ಚರ್ಚೆ. ಅಳಿಯಂದಿರು ಚಿಕಾಗೊ ಪಕ್ಕದಲ್ಲಿ ಎಕರೆಗಟ್ಟಲೆ ಜಮೀನು ಹಿಡಿದಿದ್ದಾರೆಂದು ಬೀದಿಯಲ್ಲಿ ನಾಲ್ಕು ಮನೆಗೆ ಹೇಳಿಯೂ ಬಂದೆ.

ಹೋಗಿ ನೋಡಿದರೆ ಲೇಔಟ್ ಇದ್ದದ್ದು ಅವರ ಮನೆಯ ನೆಲಮಾಳಿಗೆಯಲ್ಲಿ. ಎದೆಮಟ್ಟದ ಮೇಜು, ಬೆರಳಗಲದ ಹಳಿ, ಮಿಠಾಯಿ ಡಬ್ಬಿಯಷ್ಟು ದೊಡ್ಡ ಸ್ಟೇಷನ್ನು. ಎಲ್ಲವೂ ನಿಜದ ರೈಲಿನ 87ರಲ್ಲಿ ಒಂದು ಪಾಲು. ಎಚ್‌ಓ ಅಂತಾರೆ ಅದಕ್ಕೆ. ಹಳಿಯಿಂದ ಹಳಿಗೆ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಎಂಬುದನ್ನು ನೆನೆದು, ಇದರ ಮೇಲೆ ಇರುವೆಯ ಮೆರವಣಿಗೆ ಹೋದೀತು ಅಷ್ಟೆ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಅಳಿಯನ ಮನೆ ನೋಡಿ.

ಮಾರನೆಯ ದಿನ, "ಇವತ್ತು ಮೂರು ಜೊತೆ ಟ್ರಕ್ಕು ಬರುತ್ತೆ ಮಾವ, ಸ್ವಲ್ಪ ಇಸಕೊಂಡಿರಿ" ಎಂದು ಹೇಳಿ ಅವರು ಆಫೀಸಿಗೆ ಹೋದರು. ಮೂರು ಜೊತೆ ಅಂದರೆ ಆರು ಲಾರಿ! ಎಲ್ಲಿ ನಿಲ್ಲಿಸೋದು? ನಾನು ಶೆಡ್ಡಿನ ಬಾಗಿಲು ತೆಗೆಸಿ, ಸ್ವೆಟರ್ ಹಾಕಿಕೊಂಡು ಹೊರಗೆ ಕಾದೆ. ಮಧ್ಯಾಹ್ನ ಒಬ್ಬ ಹುಡುಗ ಏಲಕ್ಕಿ ಪೊಟ್ಟಣದಷ್ಟು ಒಂದು ಲಕೋಟೆ ಕೊಟ್ಟು ಹೋದ. ಮಗಳು ನಕ್ಕದ್ದನ್ನು ಇಲ್ಲಿ ಬರೆಯುವುದಿಲ್ಲ.

ಇಂಗ್ಲೆಂಡಿನವರು ಬೋಗಿ ಎನ್ನುವುದನ್ನೇ ಅಮೆರಿಕದವರು ಟ್ರಕ್ ಎನ್ನುತ್ತಾರೆ. ಡಬ್ಬಿಯ ಅಡಿಯಲ್ಲಿ ಎರಡು ಅಚ್ಚು, ನಾಲ್ಕು ಗಾಲಿ ಹಿಡಿದುಕೊಂಡು ತಿರುವಿನಲ್ಲಿ ತಾನೂ ತಿರುಗುವ ಚೌಕಟ್ಟು ಅದು. ನಾವೋ, ಆ ಬೋಗಿ ಎಂಬ ಹೆಸರನ್ನು ಎತ್ತಿ ಇಡೀ ಡಬ್ಬಿಗೇ ಕಟ್ಟಿಬಿಟ್ಟೆವು. "ಐದನೇ ಬೋಗಿಯಲ್ಲಿ ಸೀಟು ಸಿಕ್ಕಿತು" ಎಂದರೆ ಇಂಗ್ಲೆಂಡಿನವನ ಕಣ್ಣಿಗೆ ನಾವು ಗಾಲಿಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಕಾಣಬೇಕು. ಹಾಗಾದರೆ ನಿಜವಾದ ಬೋಗಿಯನ್ನು ನಾವು ಏನೆಂದು ಕರೆಯೋಣ? ನಾನಂತೂ ಅಲ್ಲಿದ್ದಷ್ಟು ದಿನವೂ ಕಾಲು ಅಂತಲೇ ಕರೆದೆ. ಅಳಿಯಂದಿರು ಮೊದಲು ಮುಖ ಸಿಂಡರಿಸಿದರು, ಎರಡನೆಯ ವಾರದ ಹೊತ್ತಿಗೆ ಅವರೂ "ಈ ಡಬ್ಬಿಗೆ ಯಾವ ಕಾಲು ಹಾಕೋಣ ಮಾವ?" ಅನ್ನತೊಡಗಿದರು.

ಯಾವ ಕಾಲು? ಅಲ್ಲೇ ಇರೋದು ತಾಪತ್ರಯ. ಅವರ ನೆಲಮಾಳಿಗೆಯಲ್ಲಿ ಸದಾ 1955ನೇ ಇಸವಿ. ಮೇಲೆ ಅಡುಗೆಮನೆಯಲ್ಲಿ ಯಾವ ವರ್ಷವಾದರೂ ಇರಲಿ, ಮೆಟ್ಟಿಲಿಳಿದರೆ 1955. ಆ ವರ್ಷದ ಹಳಿಯ ಮೇಲೆ ಇರಬಾರದ ಕಾಲು ಕಂಡರೆ, ಪೌರಾಣಿಕ ನಾಟಕದಲ್ಲಿ ಅರ್ಜುನ ಕೈಗಡಿಯಾರ ಕಟ್ಟಿಕೊಂಡು ಬಂದ ಹಾಗೆ. ಲಕೋಟೆಯಲ್ಲಿದ್ದ ಒಂದು ಜೊತೆ ಆರ್ಚ್‌ಬಾರ್ ಜಾತಿಯದು: ಪಟ್ಟಿಗಳನ್ನು ವಜ್ರದಾಕಾರಕ್ಕೆ ಬಗ್ಗಿಸಿ ಬೋಲ್ಟು ಹಾಕಿ ಬಿಗಿದದ್ದು. ನೋಡಲು ಬಲು ಚೆಂದ, ನಾನು ಅದನ್ನೇ ಆರಿಸಿದೆ. ಆದರೆ ನಿಜದ ರೈಲಿನಲ್ಲಿ ಆ ಬೋಲ್ಟುಗಳು ಸಡಿಲವಾಗಿ, ಪಟ್ಟಿ ಬಿರುಕುಬಿಟ್ಟು ಗಾಡಿಗಳು ಹಳಿ ತಪ್ಪುತ್ತಿದ್ದವು. 1940ರ ದಶಕದ ಆರಂಭದಲ್ಲೇ, ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ಹೋಗುವ ಡಬ್ಬಿಗಳಲ್ಲಿ ಅದು ಇರಕೂಡದು ಎಂದಾಯಿತು. ನನ್ನ ಆಯ್ಕೆ ಬಿತ್ತು. ಆದರೂ ಮಾವನ ಮಾತು ನೆಲಕ್ಕೆ ಬೀಳಬಾರದಲ್ಲ? ಹಳಿ ರಿಪೇರಿಯವರ ಹಳೇ ಡಬ್ಬಿ ಕಂಪನಿಯ ಸ್ವಂತ ಹಳಿ ಬಿಟ್ಟು ಹೊರಗೆ ಹೋಗುವುದಿಲ್ಲ, ಅದಕ್ಕೆ ಈ ಕಾಲು ನಡೆಯುತ್ತದೆ ಎಂದು ಅಳಿಯಂದಿರು ಒಂದು ಸಂದಿ ಹುಡುಕಿದರು. ಒಳ್ಳೆಯ ಮನುಷ್ಯ.

ಎರಡನೆಯ ಜೊತೆ ಬೆಟೆಂಡಾರ್ಫ್. ಪಕ್ಕದ ಚೌಕಟ್ಟು ಪೂರ್ತಿ ಒಂದೇ ಎರಕ, ಬೋಲ್ಟಿನ ಗೊಡವೆಯಿಲ್ಲ. ಇದನ್ನು ತಂದ ವಿಲಿಯಂ ಬೆಟೆಂಡಾರ್ಫ್ ಮೊದಲು ಮಾಡುತ್ತಿದ್ದದ್ದು ಹೊಲದ ಬಂಡಿಗಳಿಗೆ ಲೋಹದ ಗಾಲಿ. ಅಣ್ಣತಮ್ಮ ಇಬ್ಬರೂ ಅಯೋವಾದ ಮಿಸಿಸಿಪ್ಪಿ ದಂಡೆಯ ಗಿಲ್ಬರ್ಟ್ ಎಂಬ ಊರಿಗೆ ಕಾರ್ಖಾನೆ ತಂದರು, 1903ರಲ್ಲಿ ಆ ಊರಿಗೇ ಬೆಟೆಂಡಾರ್ಫ್ ಎಂದು ಹೆಸರಾಯಿತು. ಆಮೇಲೆ ಯಾರು ಎರಕ ಹೊಯ್ದರೂ ಮಾದರಿ ರೈಲಿನವರ ಬಾಯಲ್ಲಿ ಅದು ಬೆಟೆಂಡಾರ್ಫೇ, ನಮ್ಮಲ್ಲಿ ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ. ನಮ್ಮ ಬಾಕ್ಸ್‌ಎನ್ ವ್ಯಾಗನ್ನಿನ ಕ್ಯಾಸ್ನಬ್ ಬೋಗಿಯೂ ಇದೇ ಕುಲದ್ದು: ಪಕ್ಕಕ್ಕೆರಡು, ಅಡ್ಡಕ್ಕೊಂದು, ಒಟ್ಟು ಮೂರು ಎರಕದ ತುಂಡು. ಇದನ್ನು ಕೇಳಿ ನನಗೂ ಉತ್ಸಾಹ ಬಂತು. ನಮ್ಮೂರಲ್ಲಿ 1984ರಿಂದ ರೈಲುಗಾಲಿ ಕಾರ್ಖಾನೆ ಇದೆ. ಅಲ್ಲಿ ಕರಗಿದ ಉಕ್ಕನ್ನು ಮೇಲಿನಿಂದ ಸುರಿಯುವುದಿಲ್ಲ, ಒತ್ತಡ ಕೊಟ್ಟು ಕೆಳಗಿನಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸುತ್ತಾರೆ. ಆ ವಿದ್ಯೆ ಬಂದದ್ದು ನಿಮ್ಮ ಅಮೆರಿಕದ ಗ್ರಿಫಿನ್ ಕಂಪನಿಯಿಂದಲೇ ಎಂದು ಅರ್ಧ ಗಂಟೆ ಹೇಳಿದೆ. ಅಳಿಯಂದಿರು ಗಾಲಿ ಒರೆಸುತ್ತ ಹೂಂಗುಟ್ಟಿದರು.

ಮೂರನೆಯ ಜೊತೆ ರೋಲರ್ ಬೇರಿಂಗಿನದು. 1955ರ ಸಾಮಾನ್ಯ ಗೂಡ್ಸ್ ಡಬ್ಬಿಗೆ ಅದು ಮುಂಚೆಯಾಯಿತು. ಆಗಿನ್ನೂ ಅಚ್ಚಿನ ತುದಿಗೊಂದು ಪೆಟ್ಟಿಗೆ, ಅದರೊಳಗೆ ಎಣ್ಣೆಯಲ್ಲಿ ನೆನೆದ ನೂಲಿನ ಚಿಂದಿ. ನಮ್ಮ ಎತ್ತಿನ ಗಾಡಿಯವನು ಅಚ್ಚಿಗೆ ಕೀಲೆಣ್ಣೆ ಸವರಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಎಣ್ಣೆ ಆರಿದರೆ ಗಾಡಿಯವನದು ಕಿರ್ರೆನ್ನುತ್ತಿತ್ತು, ಇವರದು ಹೊಗೆಯಾಡಿ ಉರಿಯುತ್ತಿತ್ತು. ನಮ್ಮ ಸ್ಟೇಷನ್ನುಗಳಲ್ಲಿ ಓಡುವ ಗೂಡ್ಸ್ ಗಾಡಿಗೆ ಹಸಿರು ಬಾವುಟ ಹಿಡಿದು ನಿಲ್ಲುವವರು ಸುಮ್ಮನೆ ನಿಂತಿರುವುದಿಲ್ಲ, ಅಚ್ಚು ಕಾದಿದೆಯೋ ಎಂಬುದರ ಮೇಲೂ ಅವರಿಗೆ ಕಣ್ಣು. ರೋಲರ್ ಬೇರಿಂಗನ್ನು ಜನಕ್ಕೆ ನಂಬಿಸಲು ಟಿಮ್‌ಕೆನ್ ಕಂಪನಿ 1930ರಲ್ಲಿ ಒಂದು ಉಗಿ ಇಂಜಿನ್ನನ್ನೇ ಕಟ್ಟಿಸಿತ್ತು. ನಂಬರು 1111, ಅಡ್ಡಹೆಸರು ಇಸ್ಪೀಟಿನ ನಾಲ್ಕು ಎಕ್ಕ. ಚಿಕಾಗೊದಲ್ಲಿ ಕೆಲವು ಹೆಂಗಸರನ್ನು ಕರೆಸಿ ಅಂಥ ಆನೆಯನ್ನು ಕೈಯಲ್ಲೇ ಎಳೆಸಿ ಫೋಟೋ ಹಿಡಿದರು. ಇದನ್ನು ಕೇಳಿ ನನ್ನ ಹೆಂಡತಿ, "ನಿಮ್ಮನ್ನು ಇಷ್ಟು ವರ್ಷ ಎಳೆದದ್ದಕ್ಕೆ ಯಾರೂ ಫೋಟೋ ಹಿಡಿಯಲಿಲ್ಲ" ಎಂದಳು. ಅದಿರಲಿ.

ಕೊನೆಗೆ ಬೆಟೆಂಡಾರ್ಫ್ ಎಂದು ತೀರ್ಮಾನ. ಗಾಲಿ 33 ಅಂಗುಲದ್ದು, ಅಂದರೆ ಇಲ್ಲಿ ಸುಮಾರು 9.6 ಮಿಲಿಮೀಟರ್. 36 ಅಂಗುಲದ್ದು ನೂರು ಟನ್ನಿನ ಡಬ್ಬಿಗೆ. ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ, ನನಗೆ ಕನ್ನಡಕ ಹಾಕಿದರೂ ಕಾಣದು. ಗಾಲಿ ಪ್ಲಾಸ್ಟಿಕ್ ಬೇಡ, ಲೋಹದ್ದೇ ಇರಲಿ. ಪ್ಲಾಸ್ಟಿಕ್ಕು ಹಳಿಯ ಕೊಳೆಯನ್ನೆಲ್ಲ ಹೊದ್ದುಕೊಳ್ಳುತ್ತದೆ. ಡಬ್ಬಿಯ ತೂಕಕ್ಕೂ ಶಾಸ್ತ್ರವಿದೆ: ಒಂದು ಔನ್ಸು, ಅದರ ಮೇಲೆ ಅಂಗುಲಕ್ಕೆ ಅರ್ಧ ಔನ್ಸು. ನಮ್ಮದು ಐದೂವರೆ ಅಂಗುಲ, ಅಂದರೆ 106 ಗ್ರಾಂ. ಮಗಳು ಬಿಸಿಬೇಳೆಬಾತಿನ ಪುಡಿಗೆ ಕೊತ್ತಂಬರಿ ಬೀಜ ತೂಗುವ ತಕ್ಕಡಿಯಲ್ಲೇ ತೂಗಿದೆವು.

ಇಷ್ಟಾದರೂ ಡಬ್ಬಿ ಕುಂಟಿತು. ಎರಡು ಕಾಲನ್ನೂ ಅಳಿಯಂದಿರು ಸಮನಾಗಿ ಬಿಗಿದಿದ್ದರು. ಇಲ್ಲಿ ನಾನು ಒಲೆಯ ಮೂರು ಕಲ್ಲಿನ ಮಾತೆತ್ತಿದೆ: ನಾಲ್ಕು ಕಾಲಿನ ಮಣೆ ಅಲ್ಲಾಡೀತು, ಮೂರು ಕಲ್ಲಿನ ಒಲೆ ಎಂಥ ಅಂಗಳದಲ್ಲೂ ಕೂರುತ್ತದೆ. "ಅದೇ, ಅದೇ ಮಾವ!" ಎಂದು ಅವರು ಕುಣಿದೇಬಿಟ್ಟರು. ಒಂದು ಕಾಲು ತಿರುಗಲಿ ಆದರೆ ಪಕ್ಕಕ್ಕೆ ಓಲಾಡದಷ್ಟು ಸ್ಕ್ರೂ ಬಿಗಿ, ಇನ್ನೊಂದು ಹೇಗೆ ಬೇಕಾದರೂ ಆಡಲಿ ಎಂದು ಸಡಿಲ. ಅಲ್ಲಿಗೆ ಮೂರು ಕಲ್ಲಾಯಿತು. ಪಳಗಿದವರೆಲ್ಲ ಹೀಗೇ ಮಾಡುತ್ತಾರಂತೆ. ಡಬ್ಬಿ ಮೇಜು ಪೂರ್ತಿ ಸುತ್ತಿ ಬಂತು.

ಆ ಉತ್ಸಾಹದಲ್ಲಿ ನಾನು ಕೈ ಹಾಕಿದ್ದೇ ತಪ್ಪು. ಬೇರೊಂದು ಜೊತೆ ಕಾಲಿಗೆ ನಿಜವಾದ ಸ್ಪ್ರಿಂಗು, ಸಾಸಿವೆಗಿಂತ ಚೂರು ದಪ್ಪ. ಚಿಮಟದಿಂದ ಹಿಡಿದು ಕೂರಿಸುವಾಗ ಟಿಣ್ಣೆಂದು ಹಾರಿತು. ಮಾವ, ಅಳಿಯ, ಮಗಳು ಮೂವರೂ ಟಾರ್ಚು ಹಿಡಿದು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಒಂದು ಗಂಟೆ ಹುಡುಕಿದೆವು. ಸಿಗಲಿಲ್ಲ. "ಬಿಡಿ ಮಾವ" ಎಂದರು, ಆದರೆ ಆ ರಾತ್ರಿ ಅನ್ನ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಯಲಹಂಕಕ್ಕೆ ಬಂದು ಸ್ವೆಟರ್ ಒಗೆಯಲು ಹಾಕಿದಾಗ ಅದು ತೋಳಿನ ಮಡಿಕೆಯಲ್ಲಿ ಸಿಕ್ಕಿತು. ಈಗ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಿಮ್ಮ ಪೈಕಿ ಯಾರಾದರೂ ಚಿಕಾಗೊ ಕಡೆ ಹೊರಟಿದ್ದರೆ ದಯವಿಟ್ಟು ಹೇಳಿ ಕಳಿಸಿ. ಉಪ್ಪಿನಕಾಯಿ, ಚಟ್ನಿಪುಡಿ ಏನೂ ಕೊಡುವುದಿಲ್ಲ, ಇದೊಂದೇ.