ಕೆಂಪು ಶಾಯಿಯ ಗೆರೆ



1986ರಲ್ಲಿ ನಾನು ಒಂಬತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಎಲ್ಲರೆದುರು ಎತ್ತಿಹಿಡಿದು ಒಬ್ಬ ಹುಡುಗನನ್ನು ಹೀಯಾಳಿಸಿದೆ. ಕೈಯಲ್ಲಿದ್ದ ಬೆತ್ತವೂ ಸುಮ್ಮನಿರಲಿಲ್ಲ. ಮರುದಿನ ಅವನು ಶಾಲೆಗೂ ಬರಲಿಲ್ಲ, ಮನೆಯಲ್ಲಿಯೂ ಇರಲಿಲ್ಲ. ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದ್ದನ್ನು ಕಂಡವರಿದ್ದರು. ಕೆಲವು ವಾರ ಗೈರುಹಾಜರಿ ಹಾಕಿ, ಕೊನೆಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಏಳೆಂಟು ತಿಂಗಳ ಮೇಲೆ, ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದ ಮಗನನ್ನು ತಂದೆ ಪತ್ತೆಮಾಡಿದರು. ಶಾಲೆಗೆ ಮಾತ್ರ ಅವನು ಮರಳಲಿಲ್ಲ. ಇದನ್ನು ಇಲ್ಲಿಯವರೆಗೆ ನಾನು ಎಲ್ಲಿಯೂ ಬರೆದಿರಲಿಲ್ಲ.

ಬೆಂಗಳೂರು ಓಣಿಯವರ ಸೇವಾ ಕೂಟವು 1980ರಿಂದಲೇ ಬೀದಿಯ ಮಕ್ಕಳ ನಡುವೆ ಕೆಲಸಮಾಡುತ್ತಿತ್ತೆಂಬುದು ಹಳ್ಳಿಯ ಮೇಷ್ಟರಾದ ನಮಗೆ ತಿಳಿದಿರಲಿಲ್ಲ. 1098 ಸಹಾಯವಾಣಿ ಮುಂಬಯಿಯಲ್ಲಿ ಆರಂಭವಾದದ್ದೇ 1996ರಲ್ಲಿ.

ಕಳೆದ ತಿಂಗಳು ನಿಮ್ಮಲ್ಲೇ ಒಬ್ಬ, ನಗರದ ತೆರೆದ ತಂಗುದಾಣವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು, ನನ್ನನ್ನು ಅಲ್ಲಿಗೆ ಕರೆದೊಯ್ದ. ಮನೆಬಿಟ್ಟು ಬಂದ ಮಕ್ಕಳಿಗೆ ಊಟ, ಸ್ನಾನ, ಮಲಗಲು ಜಾಗ ಕೊಡುವ ತಾತ್ಕಾಲಿಕ ಆಶ್ರಯವದು. 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಇಂಥವಕ್ಕೆ ಅನುದಾನವಿತ್ತು. ಈಗ ಅದು ಮಿಷನ್ ವಾತ್ಸಲ್ಯದ ಭಾಗ. ನಮ್ಮ ರಾಜ್ಯದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. 2015ರ ಬಾಲನ್ಯಾಯ ಕಾಯ್ದೆಯಂತೆ, ಸಿಕ್ಕ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

2022ರ ಮಾರ್ಗಸೂಚಿಯಲ್ಲಿ ಸಂಸ್ಥೆಯ ಆಶ್ರಯದಲ್ಲಿರುವ ಮಗುವಿನ ಪೋಷಣೆಗೆ ತಿಂಗಳಿಗೆ 3,000 ರೂಪಾಯಿ. ಗಣಿತದ ಮೇಷ್ಟರಿಗೆ ಭಾಗಿಸುವ ಚಟ ಬಿಡದು: ದಿನಕ್ಕೆ 100 ರೂಪಾಯಿ. ಅದು ಸಾಲುವುದೇ ಎಂಬ ಪ್ರಶ್ನೆ ಇದ್ದದ್ದೇ. ನನ್ನ ಶಿಷ್ಯನ ಸಂಕಟ ಬೇರೆಯದು.

"ಸಾರ್, ಹಣ ತಲೆಯೆಣಿಸಿ ಬರುತ್ತದೆ. ರಾತ್ರಿ ಒಂದಕ್ಕೆ ಬಂದ ಹುಡುಗ ಬೆಳಗ್ಗೆ ಹೇಳದೆ ಹೊರಟುಹೋದರೆ ಲೆಕ್ಕದಲ್ಲಿ ಅವನು ಎಷ್ಟು? ನಾಲ್ಕು ಹಾಸಿಗೆ ಖಾಲಿಯಿದ್ದರೆ ತನಿಖೆಗೆ ಬಂದವರು ಯಾಕೆ ಖಾಲಿ ಎಂದು ಕೇಳುತ್ತಾರೆ. ಖಾಲಿ ಇರಬೇಕಾದದ್ದೇ ಅಲ್ಲವೇ ಸಾರ್?"

ಕಂತು ತಡವಾದ ತಿಂಗಳುಗಳಲ್ಲಿ ದಿನಸಿ ಅಂಗಡಿಯವರು ಬರೆದಿಟ್ಟ ಸಾಲದ ಪುಸ್ತಕವನ್ನೂ ತೋರಿಸಿದ. ಅದು ಹಾಜರಿ ಪುಸ್ತಕಕ್ಕಿಂತ ದಪ್ಪವಾಗಿತ್ತು!

ಅವನ ಮಾತು ಸರಿ ಎಂದೇ ನನ್ನ ಅಭಿಪ್ರಾಯ. ಲೆಕ್ಕ ಕೇಳಬಾರದೆಂದಲ್ಲ, ಸಾರ್ವಜನಿಕರ ಹಣಕ್ಕೆ ಲೆಕ್ಕ ಬೇಕು. ಆದರೆ ಇಂಥ ಮನೆಯ ಕೆಲಸವಿರುವುದೇ ಇನ್ನೂ ಬಾರದ ಮಗುವಿಗಾಗಿ ಹಾಸಿಗೆ ಹಾಸಿಟ್ಟು ಕಾಯುವುದರಲ್ಲಿ. ಹಾಜರಾದವರನ್ನಷ್ಟೇ ಎಣಿಸುವ ಪುಸ್ತಕಕ್ಕೆ ಅದು ಕಾಣದು. ನಾನೂ ಮೂವತ್ತು ವರ್ಷ ಅಂಥದೇ ಪುಸ್ತಕ ಬರೆದವನು.

ಮಧ್ಯಾಹ್ನ ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತೆ. ಅನ್ನ, ಸೊಪ್ಪಿನ ಸಾರು. ಪಕ್ಕದಲ್ಲಿದ್ದ ಹನ್ನೆರಡರ ಹುಡುಗ ನನ್ನ ಕನ್ನಡಕ, ಜೇಬಿನ ಎರಡು ಪೆನ್ನುಗಳನ್ನು ಬಹಳ ಹೊತ್ತು ನೋಡಿದ.

"ನೀವು ಮೇಷ್ಟ್ರಾ?"

"ಹೌದಪ್ಪ" ಎಂದೆ.

ಅವನು ತಟ್ಟೆಯೆತ್ತಿಕೊಂಡು ಪಂಕ್ತಿಯ ಆ ತುದಿಗೆ ಹೋಗಿ ಕುಳಿತ.