ನೆಗೆಟಿವ್‌ಗಳ ಋಣ

ಸಿದ್ದಾಪುರದ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದಾಗ, 1986ರಲ್ಲಿ, ಸಹೋದ್ಯೋಗಿಯೊಬ್ಬರಿಂದ ಹಳೆಯ ಅಗ್ಫಾ ಕ್ಲಿಕ್ 3 ಕ್ಯಾಮೆರಾ ಕೊಂಡೆ. ಒಂದು ರೋಲಿಗೆ 12 ಚಿತ್ರ ಮಾತ್ರ. ಫೋಕಸ್ ಹೊಂದಿಸುವ ವ್ಯವಸ್ಥೆಯೇ ಇರಲಿಲ್ಲ. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಕಪ್ಪು-ಬಿಳುಪು ರೋಲು ನನ್ನ ಸಂಬಳಕ್ಕೆ ಎಟಕುತ್ತಿತ್ತು.

ಊರಿನ ಸ್ಟುಡಿಯೋದ ಹಿರಿಯರು ಭಾನುವಾರಗಳಂದು ಕತ್ತಲೆಕೋಣೆಯ ವಿದ್ಯೆ ಕಲಿಸಿದರು. ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೇಸಿಗೆಯಲ್ಲಿ ಪಾತ್ರೆಯನ್ನು ಮಡಕೆಯ ತಣ್ಣೀರಿನಲ್ಲಿಟ್ಟು ಆರಿಸುತ್ತಿದ್ದೆವು. ಅನಂತರ ಹೈಪೋ, ಕೊನೆಗೆ ಬಹಳ ಹೊತ್ತು ನೀರಿನಲ್ಲಿ ತೊಳೆಯುವುದು. ಕೆಂಪು ದೀಪದ ಮಂದ ಬೆಳಕಿನಲ್ಲಿ, ಬಿಳಿಯ ಕಾಗದದ ಮೇಲೆ ಮುಖವೊಂದು ಮೂಡಿದ್ದನ್ನು ಮೊದಲ ಸಲ ಕಂಡ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಉಂಚಳ್ಳಿ ಜಲಪಾತ, ಸಹಸ್ರಲಿಂಗ, ಯಲ್ಲಾಪುರಕ್ಕೆ ವರ್ಗವಾದ ಮೇಲೆ ಮಾಗೋಡು, ಸಾತೊಡ್ಡಿ ಎಂದು ಅಲೆದೆ. ಹಳ್ಳಿಯವರು ಕೇಳುತ್ತಿದ್ದದ್ದು ಮಾತ್ರ ಬೇರೆ: “ಮಾಸ್ತರೇ, ನಮ್ಮನೆ ಆಯಿದೊಂದು ಫೋಟೋ ತೆಗೆದುಕೊಡಿ.” ಅಡಿಕೆ ಒಣಹಾಕಿದ ಅಂಗಳದಲ್ಲಿ ಎಷ್ಟೋ ತಾಯಂದಿರು ಸೆರಗು ಸರಿಪಡಿಸಿಕೊಂಡು, ಉಸಿರು ಬಿಗಿಹಿಡಿದು ನಿಂತರು.

ಈ ಹವ್ಯಾಸ ಮೆಲ್ಲಮೆಲ್ಲನೆ ದೂರವಾಯಿತು. ಸ್ಟುಡಿಯೋಗಳು ಬಣ್ಣದ ಚಿತ್ರಗಳತ್ತ ತಿರುಗಿದವು. ಕಪ್ಪು-ಬಿಳುಪು ಕಾಗದ ಸಿಗದಾಯಿತು. ನಮ್ಮ ಮಲೆನಾಡಿನ ಮಳೆಗಾಲವಂತೂ ಸಿಲಿಕಾ ಜೆಲ್‌ಗೂ ಜಗ್ಗದೆ ಮಸೂರದ ಮೇಲೆ ಬೂಷ್ಟು ಬೆಳೆಸಿತು. ಡಿಜಿಟಲ್ ಕ್ಯಾಮೆರಾ ಬರುವಷ್ಟರಲ್ಲಿ ನನ್ನ ಕ್ಯಾಮೆರಾ ಅಟ್ಟ ಸೇರಿತ್ತು. ಮುಂದೆ ಉದಕಮಂಡಲದ ಆ ಕಾರ್ಖಾನೆಯೂ ಮುಚ್ಚಿತು.

2024ರ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೆ ಬಂದ. ಅವನ ತಾಯಿ ತೀರಿಕೊಂಡು ಮೂವತ್ತು ವರ್ಷಗಳೇ ಕಳೆದಿದ್ದವು. ನಾನು ತೆಗೆದುಕೊಟ್ಟಿದ್ದ ಒಂದೇ ಒಂದು ಚಿತ್ರ ಮನೆ ಸೋರಿ ಹಾಳಾಗಿತ್ತು. ನಾಲ್ಕು ಸಂಜೆ ತಗಡಿನ ಡಬ್ಬಿಗಳನ್ನು ಹುಡುಕಿದೆ. ನೆಗೆಟಿವ್ ಸಿಕ್ಕಿತು, ಅಂಚಿನವರೆಗೆ ಬೂಷ್ಟು ಬಂದಿತ್ತು, ಮುಖ ಉಳಿದಿತ್ತು. ಸ್ಕ್ಯಾನ್ ಮಾಡಿಸಿ ಮುದ್ರಿಸಿಕೊಟ್ಟೆ. ಬಹಳ ಹೊತ್ತು ನೋಡಿ ಅವನು ಕೇಳಿದ: “ಆಯಿ ಇಷ್ಟು ಚಿಕ್ಕವಳಿದ್ದಳಾ ಸರ್?” ಚಿತ್ರದ ತಾಯಿಗಿಂತ ಮಗನ ಕೂದಲೇ ಹೆಚ್ಚು ನರೆತಿತ್ತು.

ಛಾಯಾಗ್ರಹಣ ನನ್ನ ಸಂತೋಷಕ್ಕಾಗಿ ಹಿಡಿದದ್ದು. ಬಿಡುವ ಸ್ವಾತಂತ್ರ್ಯವೂ ನನ್ನದೇ ಆಗಿತ್ತು. ನೆಗೆಟಿವ್‌ಗಳು ಹಾಗಲ್ಲ, ಅವು ಆ ಮನೆಗಳಿಗೆ ಸೇರಿದವು. ಈಗ ದಿನಕ್ಕೆ ಹತ್ತರಂತೆ ಒರೆಸಿ, ಸ್ಕ್ಯಾನ್ ಮಾಡಿ, ನೆನಪಿದ್ದಷ್ಟು ಹೆಸರು ಬರೆದು ಆಯಾ ಮನೆಗಳಿಗೆ ತಲುಪಿಸುತ್ತಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಹಳೆಯ ನೆಗೆಟಿವ್‌ಗಳಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ.