ನಡುದಾರಿಯ ಊರು

ಬೆಂಗಳೂರಿನಿಂದ ಸಿಯಾಟಲ್‌ಗೆ ನೇರ ವಿಮಾನವಿಲ್ಲ. ಅಲ್ಲಿ ಮಕ್ಕಳಿರುವ ನಮ್ಮಂಥ ಅಪ್ಪ ಅಮ್ಮಂದಿರೆಲ್ಲ ಇದನ್ನೊಂದು ಸಂಕಟ ಎಂದೇ ಹೇಳಿಕೊಳ್ಳುತ್ತಾರೆ. ನನಗೆ ಮಾತ್ರ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಗಳ ಮನೆಗೆ ಹೋಗಲೇಬೇಕು, ಹೋಗುವಾಗ ನಡುವೆ ಎಲ್ಲಾದರೂ ಇಳಿಯಲೇಬೇಕು. ಇಳಿಯುವುದು ಹೇಗೂ ತಪ್ಪದು ಎಂದಮೇಲೆ, ಎಲ್ಲಿ ಇಳಿಯುವುದೆಂದು ತೀರ್ಮಾನಿಸುವ ಸುಖವನ್ನು ಟಿಕೆಟ್ ಮಾಡುವ ಹುಡುಗನಿಗೆ ಯಾಕೆ ಬಿಟ್ಟುಕೊಡಲಿ?

ಈ ಎರಡು ಊರುಗಳ ನಡುವೆ ಭೂಗೋಳ ಒಂದು ತಮಾಷೆ ಮಾಡಿಟ್ಟಿದೆ. ಬೆಂಗಳೂರು 77 ಡಿಗ್ರಿ ಪೂರ್ವ ರೇಖಾಂಶದ ಆಚೀಚೆ, ಸಿಯಾಟಲ್ 122 ಡಿಗ್ರಿ ಪಶ್ಚಿಮದಲ್ಲಿ. ಪಶ್ಚಿಮಕ್ಕೆ ಮುಖ ಮಾಡಿ ಎಣಿಸಿದರೆ ಸುಮಾರು 200 ಡಿಗ್ರಿ, ಪೂರ್ವಕ್ಕೆ ಎಣಿಸಿದರೆ 160. ಬೇಸಿಗೆಯಲ್ಲಿ ಗಡಿಯಾರದ ಅಂತರ ಹನ್ನೆರಡೂವರೆ ಗಂಟೆ. ಮಗಳು ರಾತ್ರಿ ಊಟಕ್ಕೆ ಕೂತಾಗ ನಾನಿಲ್ಲಿ ಬೆಳಗಿನ ಕಾಫಿ ಸೋಸುತ್ತಿರುತ್ತೇನೆ. ಅಂದರೆ ಎಡಕ್ಕೆ ಹೋದರೂ ಸರಿ, ಬಲಕ್ಕೆ ಹೋದರೂ ಸರಿ. ಅರ್ಧ ಲೋಕ ನನ್ನ ದಾರಿಯಲ್ಲಿ ಬೀಳುತ್ತದೆ.

ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತಳಾದವಳು ನಾನು. ಮನೆಯಲ್ಲಿ ಒಂದು ಗ್ಲೋಬ್ ಇದೆ. ಅದರ ಮೇಲೆ ಬೆಂಗಳೂರಿನಿಂದ ಸಿಯಾಟಲ್‌ಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹಿಮಾಲಯ ದಾಟಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದಲ್ಲಿ 75 ಡಿಗ್ರಿ ಉತ್ತರದವರೆಗೂ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ಸುಮಾರು 13,000 ಕಿಲೋಮೀಟರ್. ಅತಿ ಹತ್ತಿರದ ದಾರಿ ಇದೇ, ಆದರೆ ಈ ದಾರಿಯಲ್ಲಿ ಇಳಿದು ಕಾಫಿ ಕುಡಿಯುವಂಥ ಒಂದು ಊರೂ ಇಲ್ಲ. ಹಾಗಾಗಿ ಪ್ರತಿ ವಿಮಾನ ಕಂಪನಿಯೂ ಈ ದಾರವನ್ನು ತನ್ನ ಮನೆಯ ಕಡೆಗೆ ಜಗ್ಗಿಕೊಳ್ಳುತ್ತದೆ. ಒಬ್ಬರು ಫ್ರಾಂಕ್‌ಫರ್ಟಿಗೆ, ಒಬ್ಬರು ದೋಹಾಕ್ಕೆ, ಮತ್ತೊಬ್ಬರು ಸಿಂಗಪುರಕ್ಕೋ ನರಿತಾಕ್ಕೋ. ದಾರ ಎಲ್ಲಿ ಬಾಗಬೇಕೆಂದು ಆರಿಸುವುದು ನನ್ನ ಹವ್ಯಾಸ.

ಬೇಸಿಗೆಯ ಪ್ರಯಾಣಕ್ಕೆ ದೀಪಾವಳಿ ಹೊತ್ತಿಗೇ ಶುರು. ಊಟದ ಮೇಜಿನ ಒಂದು ತುದಿಯಲ್ಲಿ ನಮ್ಮವರು ಪದಬಂಧ ಹಿಡಿದು ಕೂರುತ್ತಾರೆ, ಇನ್ನೊಂದು ತುದಿಯಲ್ಲಿ ನಾನು ವಿಮಾನಗಳ ವೇಳಾಪಟ್ಟಿ, ಊರುಗಳ ರೈಲು ನಕ್ಷೆ, ವಸ್ತುಸಂಗ್ರಹಾಲಯಗಳ ಬಾಗಿಲು ತೆರೆಯುವ ಹೊತ್ತು ಇವನ್ನೆಲ್ಲ ಹರವಿಕೊಳ್ಳುತ್ತೇನೆ. ಅವರಿಗೆ ವಿಮಾನದ ಸೀಟಿಗೂ ಮೊಣಕಾಲಿಗೂ ಆಗಿಬರುವುದಿಲ್ಲ. ಆದ್ದರಿಂದ ಹೋಗುವವಳು ನಾನೊಬ್ಬಳೇ. ಇದು ನನ್ನ ನಾದಿನಿಗೆ ಒಗಟು. “ಅಲ್ಲ ಅತ್ತಿಗೆ, ಗುರುತು ಪರಿಚಯ ಇಲ್ಲದ ಊರಲ್ಲಿ ಒಬ್ರೇ ಇಳ್ಕೊಂಡು ಏನ್ಮಾಡ್ತೀರಿ?” ಎಂದು ಪ್ರತಿ ಸಲವೂ ಕೇಳುತ್ತಾಳೆ. ಗುರುತು ಪರಿಚಯ ಇಲ್ಲದಿರುವುದೇ ಅಲ್ಲಿಯ ರುಚಿ ಎಂದು ಹೇಳಿದರೆ ಅವಳ ಮುಖ ಇನ್ನಷ್ಟು ಗಾಬರಿಯಾಗುತ್ತದೆ. ಇಬ್ಬರು ಹೋದರೆ ಊರನ್ನು ನೋಡುವುದಕ್ಕಿಂತ ಒಬ್ಬರ ಮುಖ ಒಬ್ಬರು ನೋಡುವುದೇ ಹೆಚ್ಚು: ಹಸಿವಾಯಿತಾ, ಕಾಲು ನೋಯುತ್ತಾ, ಸಾಕಾಯಿತಾ. ಒಬ್ಬಳೇ ಇದ್ದರೆ ಒಂದು ಚಿತ್ರದ ಮುಂದೆ ಮುಕ್ಕಾಲು ಗಂಟೆ ನಿಂತರೂ ಕೆಮ್ಮುವವರಿಲ್ಲ.

ಇದರಲ್ಲಿ ಒಂದಿಷ್ಟು ಗಣಿತ ಇದೆ, ಅದು ನನಗೆ ಪ್ರಿಯವಾದದ್ದು. ಅಂತರರಾಷ್ಟ್ರೀಯ ಟಿಕೆಟ್ಟಿನ ಲೆಕ್ಕದಲ್ಲಿ ನಡುವಿನ ಊರಿನಲ್ಲಿ 24 ಗಂಟೆಯೊಳಗೆ ಇದ್ದು ಹೊರಟರೆ ಅದು ಬರೀ ವಿಮಾನ ಬದಲಾವಣೆ. ಅದನ್ನು ಮೀರಿದರೆ ತಂಗಿದ ಲೆಕ್ಕ. ಆಗ ದರವೂ ಬದಲಾಗಬಹುದು, ದೊಡ್ಡ ಪೆಟ್ಟಿಗೆಯನ್ನು ಇಳಿಸಿಕೊಂಡು ಎಳೆದಾಡಬೇಕಾಗಿಯೂ ಬರಬಹುದು. ನನ್ನ ದೊಡ್ಡ ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ ಇರುವುದರಿಂದ ಅದು ನೇರವಾಗಿ ಸಿಯಾಟಲ್‌ಗೆ ಹೋಗುವುದೇ ಎಲ್ಲರಿಗೂ ಕ್ಷೇಮ. ಇನ್ನು, ಟಿಕೆಟ್ಟಿನಲ್ಲಿ ಹತ್ತು ಗಂಟೆ ಬಿಡುವು ಕಂಡರೆ ಹತ್ತು ಗಂಟೆ ಸಿಕ್ಕಿತೆಂದಲ್ಲ. ಪಾಸ್‌ಪೋರ್ಟ್ ಸಾಲಿಗೆ ಒಂದು, ಹೋಗಿಬರುವುದಕ್ಕೆ ಒಂದು, ಮೂರು ಗಂಟೆ ಮೊದಲೇ ವಾಪಸು ಬರಬೇಕಾದ್ದಕ್ಕೆ ಮೂರು. ಉಳಿದದ್ದು ಐದು. ಐದು ಗಂಟೆಯಲ್ಲಿ ಒಂದು ಊರನ್ನು ನೋಡಲಾಗುವುದಿಲ್ಲ. ಒಂದು ಊರಿನ ಒಂದು ವಸ್ತುವನ್ನು ನೋಡಬಹುದು. ಹೀಗೆ ನೋಡಲು ಹೊರಟರೆ ದೊಡ್ಡ ಹೆಸರಿನ ಎಷ್ಟೋ ಊರುಗಳು ತಾವಾಗಿಯೇ ಪಟ್ಟಿಯಿಂದ ಜಾರಿಹೋಗುತ್ತವೆ. ವೀಸಾ ಎಂಬುದೂ ಒಂದಿಷ್ಟನ್ನು ಉದುರಿಸುತ್ತದೆ. ಅದರ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಹೋದ ವರ್ಷ ಹೋಗಿಬಂದ ಪಕ್ಕದ ಮನೆಯವರ ಮಾತನ್ನು ಮಾತ್ರ ನಂಬಬಾರದು.

ವಾರದ ದಿನವೂ ಊರನ್ನು ಆರಿಸುತ್ತದೆ ಎನ್ನುವುದನ್ನು ತಿಳಿದವರು ಕಡಿಮೆ. ಪ್ಯಾರಿಸ್ಸಿನ ಲೂವ್ರ್‌ಗೆ ಮಂಗಳವಾರ ರಜೆ. ಅಬುಧಾಬಿಯ ಲೂವ್ರ್‌ಗೆ ಸೋಮವಾರ. ದೋಹಾದಲ್ಲಿ ಶುಕ್ರವಾರದ ಬೆಳಗು ಮಸೀದಿಗೆ ಮೀಸಲು, ಮಿಕ್ಕ ಬಾಗಿಲುಗಳೆಲ್ಲ ಮಧ್ಯಾಹ್ನದ ಮೇಲೆ. ದೋಹಾದಲ್ಲಿ ಕಡಲಿನೊಳಗೆ ಒಂದು ನಡುಗಡ್ಡೆಯನ್ನೇ ಕಟ್ಟಿಸಿಕೊಂಡು ಐ. ಎಂ. ಪೇ ಎಂಬ ವಾಸ್ತುಶಿಲ್ಪಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಮುಗಿಸಿಕೊಟ್ಟ ಇಸ್ಲಾಮಿಕ್ ಕಲಾ ಸಂಗ್ರಹಾಲಯ ಇದೆ, 2008ರದ್ದು. ಮೆಟ್ರೋ ವಿಮಾನ ನಿಲ್ದಾಣದಿಂದಲೇ ಹೊರಡುತ್ತದೆ. ಆದರೆ ನಾನು ಹೋಗುವುದು ಬೇಸಿಗೆಯಲ್ಲಿ. ಜೂನ್ ತಿಂಗಳ ದೋಹಾದಲ್ಲಿ ಮೆಟ್ರೋ ಮೆಟ್ಟಿಲಿನಿಂದ ಮ್ಯೂಸಿಯಂ ಮೆಟ್ಟಿಲಿನವರೆಗೆ ನಡೆಯುವುದೂ ಒಂದು ತಪಸ್ಸು. ದುಬೈ ನನ್ನ ಪಟ್ಟಿಯಲ್ಲಿ ಕೆಳಗಿದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ಕಿಟಕಿ ಸೀಟಿನಿಂದ ಪುಕ್ಕಟೆ ನೋಡಬಹುದು.

ಸಿಂಗಪುರದ ಬಗ್ಗೆ ನನಗೆ ಎರಡು ಮನಸ್ಸು. ಚಾಂಗಿ ವಿಮಾನ ನಿಲ್ದಾಣದ ಅಂಗಳದಲ್ಲೇ 40 ಮೀಟರ್ ಎತ್ತರದಿಂದ ನೀರು ಸುರಿಸಿದ್ದಾರೆ. ಚೆಂದವೇ, ಆದರೆ ಒಳಗೇ ಜಲಪಾತ ಇಟ್ಟಿರುವ ಊರು ‘ಹೊರಗೆ ಬರಬೇಡಮ್ಮ’ ಎನ್ನುತ್ತಿದೆಯೋ ಏನೋ ಎಂದು ನನ್ನ ಅನುಮಾನ. ಹೊರಗೆ ಹೋದರೆ 1859ರ ಸಸ್ಯೋದ್ಯಾನ ಇದೆ, ಆರ್ಕಿಡ್ ಹೂಗಳಿವೆ, ಸಾಲುಸಾಲು ಪುಟ್ಟ ಅಂಗಡಿಗಳ ಹಾಕರ್ ಸೆಂಟರ್‌ಗಳಿವೆ. ಒಬ್ಬಳೇ ಉಣ್ಣುವವಳಿಗೆ ಒಂದು ಧರ್ಮಸಂಕಟ ಎಲ್ಲ ಕಡೆಯೂ ಇದ್ದದ್ದೇ: ತಟ್ಟೆ ತರಲು ಎದ್ದರೆ ಜಾಗ ಹೋಗುತ್ತದೆ, ಜಾಗ ಕಾದರೆ ತಟ್ಟೆ ಬರುವುದಿಲ್ಲ. ಸಿಂಗಪುರದವರು ಇದಕ್ಕೆ ಕಂಡುಕೊಂಡ ಪರಿಹಾರ ನೋಡಿ: ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋಗುವುದು. ಅದನ್ನು ಯಾರೂ ಸರಿಸುವುದಿಲ್ಲ. ನಮ್ಮ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಕಂಡ ಯಾರಿಗಾದರೂ ಆ ಪೊಟ್ಟಣದ ಮೇಲೆ ಪ್ರೀತಿ ಹುಟ್ಟದೆ ಇರದು.

ಆದರೂ ನನ್ನ ಮನಸ್ಸು ಸೋತಿದ್ದು ಯಾರೂ ಹೊಗಳದ ಫ್ರಾಂಕ್‌ಫರ್ಟಿಗೆ. ಆ ಊರಿನಲ್ಲಿ ಇಳಿಯುತ್ತೇನೆ ಎಂದಾಗ ಅಳಿಯ ಕೂಡ, “ಅಮ್ಮ, ಅದು ಬರೀ ಬ್ಯಾಂಕುಗಳ ಊರು” ಎಂದ. ಇರಲಿ. 1815ರಲ್ಲಿ ಆ ಊರಿನ ಸ್ಟೇಡೆಲ್ ಎಂಬ ಬ್ಯಾಂಕರನೇ ತನ್ನ ಆಸ್ತಿ, ಚಿತ್ರಗಳನ್ನೆಲ್ಲ ಊರಿಗೆ ಬರೆದಿಟ್ಟಿದ್ದರಿಂದ ಅಲ್ಲೊಂದು ಚಿತ್ರಶಾಲೆಯಾಯಿತು. ಆ ಚಿತ್ರಶಾಲೆಯಲ್ಲಿ ವರ್ಮೀರ್ 1669ರಲ್ಲಿ ಬರೆದ ‘ಭೂಗೋಳಜ್ಞ’ ಇದೆ. ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು, ಹದಿನೈದು ನಿಮಿಷದೊಳಗೆ ದೊಡ್ಡ ಸ್ಟೇಷನ್ನು. ಅಲ್ಲಿಂದ ಮೈನ್ ನದಿಯ ಕಡೆಗೆ ನಡೆದು, ನಡೆಯುವವರಿಗೆಂದೇ ಕಟ್ಟಿದ ತೂಗುಸೇತುವೆ ದಾಟಿದರೆ ಎದುರಿಗೇ ಸ್ಟೇಡೆಲ್. ನಡುದಾರಿಯ ಊರೆಂದರೆ ಹೀಗಿರಬೇಕು: ಒಂದು ರೈಲು, ಒಂದು ಸೇತುವೆ, ಒಂದು ಚಿತ್ರ. ಸೋಮವಾರ ಮಾತ್ರ ಹೋಗಬಾರದು, ಬಾಗಿಲು ಹಾಕಿರುತ್ತದೆ. ಅದಕ್ಕಾಗಿ ನಾನು ಪ್ರಯಾಣವನ್ನೇ ಒಂದು ದಿನ ಮುಂದೂಡಿದೆ. ಮಗಳಿಗೆ ಕಾರಣ ಹೇಳಲಿಲ್ಲ.

ಚಿತ್ರ ನೋಡಿದರೆ ಅಂಗೈಯಗಲ ಅನ್ನಿಸುವಷ್ಟು ಚಿಕ್ಕದು, ಅರ್ಧ ಮೀಟರಿನಷ್ಟು ಎತ್ತರ. ನೀಲಿ ನಿಲುವಂಗಿಯ ಒಬ್ಬ ಮನುಷ್ಯ ಮೇಜಿನ ಮೇಲೆ ಬಗ್ಗಿದ್ದಾನೆ. ಕೈಯಲ್ಲಿ ಕೈವಾರ. ಮೇಜಿನ ಮೇಲೆ ಹರವಿದ ಹಾಳೆ, ನೆಲದ ಮೇಲೆ ಇನ್ನಷ್ಟು ಸುರುಳಿಗಳು. ಎಡಗಡೆಯ ಕಿಟಕಿಯಿಂದ ಬೆಳಕು. ಅವನು ನಕ್ಷೆ ನೋಡುತ್ತಿಲ್ಲ. ತಲೆ ಎತ್ತಿ ಕಿಟಕಿಯ ಕಡೆ ನೋಡುತ್ತಿದ್ದಾನೆ. ಅಳತೆಯ ಮಧ್ಯೆ ಏನೋ ಹೊಳೆದು ಕೈ ನಿಂತಿದೆ. ಹಿಂದಿನ ಕಪಾಟಿನ ಮೇಲೆ ಹೊಂಡಿಯುಸ್ ಎಂಬಾತ ತಯಾರಿಸಿದ ಗ್ಲೋಬು, ಅದನ್ನು ಹಿಂದೂ ಮಹಾಸಾಗರ ಕಾಣುವಂತೆ ತಿರುಗಿಸಿಟ್ಟಿದೆ. ಡಚ್ಚರ ಹಡಗುಗಳು ನಮ್ಮ ಕಡಲಿಗೆ ಬಂದುಹೋಗುತ್ತಿದ್ದ ಕಾಲ ಅದು. ಮುನ್ನೂರೈವತ್ತು ವರ್ಷಗಳ ಹಿಂದೆ ಡೆಲ್ಫ್ಟ್ ಎಂಬ ಪುಟ್ಟ ಊರಿನಲ್ಲಿ ಕೂತವನ ಕೋಣೆಯಲ್ಲಿ ನನ್ನೂರಿನ ದಿಕ್ಕು ಇತ್ತಲ್ಲ ಎಂದು ನನಗೆ ಹೆಮ್ಮೆಯೋ ಅಸೂಯೆಯೋ ತಿಳಿಯದ ಒಂದು ಭಾವ. ವರ್ಮೀರನ ಚಿತ್ರಗಳು ಉಳಿದಿರುವುದೇ ಮೂವತ್ತೈದರ ಆಸುಪಾಸು. ಇದರ ಜೋಡಿ ಎನ್ನುವ ‘ಖಗೋಳಜ್ಞ’ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಹಾಗಾದರೆ ಪ್ಯಾರಿಸ್ಸೂ ಪಟ್ಟಿಗೆ ಬಂತು, ಮಂಗಳವಾರ ಬಿಟ್ಟು.

ನದಿಯ ಆ ದಡದಲ್ಲೇ ಊಟವೂ ಸಿಕ್ಕಿತು. ಏಳು ಬಗೆಯ ಹಸಿ ಸೊಪ್ಪು ಸಣ್ಣಗೆ ಹೆಚ್ಚಿ ಹುಳಿಕೆನೆಯಲ್ಲಿ ಕಲಸಿ, ತಣ್ಣಗೆ, ಬೇಯಿಸಿದ ಆಲೂಗಡ್ಡೆಯ ಜೊತೆ ಕೊಡುವ ಹಸಿರು ಸಾಸ್ ಫ್ರಾಂಕ್‌ಫರ್ಟಿನವರ ಹೆಮ್ಮೆ. ಜೊತೆಗೆ ಬೇಯಿಸಿದ ಮೊಟ್ಟೆಯೂ ಬರುತ್ತದೆ, ಬೇಡವೆಂದೆ. ನಮ್ಮ ಕಡೆಯ ಬೆರಕೆ ಸೊಪ್ಪಿನ ಹಾಗೆ ಇದರಲ್ಲೂ ಯಾವ ಸೊಪ್ಪು ಎಷ್ಟಿರಬೇಕೆಂಬುದಕ್ಕೆ ಮನೆಮನೆಗೂ ಬೇರೆ ಕಾನೂನು ಇರಬೇಕು. ಪಕ್ಕದ ಮೇಜಿನ ಮುದುಕಿಯೂ ಒಬ್ಬಳೇ ಕೂತು ಅದನ್ನೇ ತಿನ್ನುತ್ತಿದ್ದಳು. ಒಬ್ಬಳೇ ಯಾಕೆ ಎಂದು ಅವಳನ್ನಾಗಲೀ ನನ್ನನ್ನಾಗಲೀ ಯಾರೂ ಕೇಳಲಿಲ್ಲ. ಒಂಟಿ ಗಿರಾಕಿಗೆ ಕಂಬದ ಮರೆಯ ಮೇಜು ತೋರಿಸದ ಊರು ಒಳ್ಳೆಯ ಊರು. ಇದೂ ನನ್ನ ಅಳತೆಗೋಲುಗಳಲ್ಲೊಂದು.

ಪೂರ್ವದ ದಾರಿ ಹಿಡಿದಾಗ ನಾನು ಟೋಕಿಯೋ ಬೇಡವೆಂದು ನರಿತಾದಲ್ಲೇ ಉಳಿದೆ. ಇದನ್ನು ಕೇಳಿದವರೆಲ್ಲ ಹಣೆ ಚಚ್ಚಿಕೊಂಡರು. ನರಿತಾ ಎಂದರೆ ಅವರಿಗೆ ವಿಮಾನ ನಿಲ್ದಾಣ, ಅಷ್ಟೇ. ಆ ನಿಲ್ದಾಣ ತೆರೆದದ್ದು 1978ರಲ್ಲಿ. ನರಿತಾದ ದೇವಸ್ಥಾನ 940ರದ್ದು. ಟೋಕಿಯೋ ನಡುವಿಗೆ ಹೋಗಲು ಅರುವತ್ತು ಕಿಲೋಮೀಟರ್, ನರಿತಾ ಊರಿಗೆ ರೈಲಿನಲ್ಲಿ ಹತ್ತು ನಿಮಿಷ. ಸ್ಟೇಷನ್ನಿನಿಂದ ದೇವಸ್ಥಾನದವರೆಗೆ ಇಳಿಜಾರಿನ ಒಂದು ಹಳೆಯ ಬೀದಿ ಇದೆ. ಉದ್ದಕ್ಕೂ ಹಾವುಮೀನಿನ ಅಂಗಡಿಗಳು, ಮುಂಬಾಗಿಲಲ್ಲೇ ಹಲಗೆ ಹಾಕಿಕೊಂಡು ಸೀಳುತ್ತಾರೆ. ನಾನು ಆ ಕಡೆ ಕಣ್ಣು ಹಾಯಿಸದೆ ಯೋಕಾನ್ ಅಂಗಡಿ ಹುಡುಕಿದೆ. ಕೆಂಪು ಕಾಳಿನ ಹೂರಣಕ್ಕೆ ಸಕ್ಕರೆ, ಕಡಲಪಾಚಿಯ ಅಗರ್ ಸೇರಿಸಿ ಗಟ್ಟಿಯಾಗಿಸಿ ಕತ್ತರಿಸುವ ಸಿಹಿ ಅದು. ಒಳಗೆ ಚೆಸ್ಟ್‌ನಟ್ ಇಟ್ಟದ್ದಾದರೆ ಇನ್ನೂ ಮೇಲು.

ದೇವಸ್ಥಾನ ಶಿಂಗೋನ್ ಪಂಥದ್ದು. ಒಂಬತ್ತನೇ ಶತಮಾನದ ಮೊದಲಲ್ಲಿ ಕೂಕಾಯ್ ಎಂಬ ಭಿಕ್ಷು ಚೀನಾದಿಂದ ಕಲಿತು ತಂದ ಮಾರ್ಗ ಅದು, ಚೀನಾಕ್ಕೆ ಹೋಗಿದ್ದು ನಮ್ಮ ಕಡೆಯಿಂದ. ಒಳಗಿನ ದೇವರು ಫುದೋ, ಅಂದರೆ ನಮ್ಮ ಅಚಲ. ಇಲ್ಲಿ ದಿನವೂ ಹಲವು ಸಲ ಹೋಮ ನಡೆಯುತ್ತದೆ, ಅವರು ಗೋಮಾ ಎನ್ನುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ದೊಡ್ಡ ನಗಾರಿ ಎದೆಗೇ ಬಡಿದಂತೆ ಸದ್ದು ಮಾಡುತ್ತದೆ, ಸಮಿತ್ತು ಬೀಳುತ್ತಲೇ ಜ್ವಾಲೆ ಏಳುತ್ತದೆ. ಮುಗಿಯುವ ಹೊತ್ತಿಗೆ ಜನ ತಮ್ಮ ತಮ್ಮ ಕೈಚೀಲಗಳನ್ನು ಹಿಡಿದು ಸಾಲು ನಿಂತರು. ಅರ್ಚಕರು ಒಂದೊಂದನ್ನೂ ಇಸಿದುಕೊಂಡು ಬೆಂಕಿಯ ಕಾವಿಗೆ ತೋರಿಸಿ ಹಿಂದಕ್ಕೆ ಕೊಡುತ್ತಾರೆ. ನಾನೂ ಕೊಟ್ಟೆ. ಚೀಲದಲ್ಲಿ ಪಾಸ್‌ಪೋರ್ಟ್, ರಕ್ತದೊತ್ತಡದ ಮಾತ್ರೆ, ಅರ್ಧ ಯೋಕಾನ್ ಇತ್ತು.

ಸಿಯಾಟಲ್ ದಾರಿಗೆ ಒಗ್ಗದ ಊರುಗಳೂ ಕೆಲವಿವೆ. ಅಡಿಸ್ ಅಬಾಬಾದ ಮೇಲೆ ನನಗೆ ಬಹಳ ಆಸೆ. ಅಲ್ಲಿಯ ಜನ ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅವರ ಒಂದು ಗಂಟೆ. ಅವರ ವರ್ಷಕ್ಕೆ ಹದಿಮೂರು ತಿಂಗಳು. ಆದರೆ ಆ ದಾರಿ ಅಮೆರಿಕದ ಪೂರ್ವದ ಊರುಗಳಿಗೆ ಅನುಕೂಲ. ಅಡಿಸ್ ಅಬಾಬಾದಲ್ಲಿ ಇಳಿಯಬೇಕೆಂದರೆ ಮಗಳು ವಾಷಿಂಗ್ಟನ್ನಿನಲ್ಲಿ ಕೆಲಸ ಹುಡುಕಬೇಕು. ಸೂಚನೆ ಕೊಟ್ಟು ನೋಡಿದ್ದೇನೆ.

ಸದ್ಯಕ್ಕೆ ಪೂರ್ವದ ದಾರಿಯೇ ನನಗೆ ಹಿಡಿಸಿದೆ, ಅದರಲ್ಲಿ ಒಂದು ಲಾಭವೂ ಇದೆ. ಸಂಜೆ ನರಿತಾ ಬಿಟ್ಟ ವಿಮಾನ ದಿನಾಂಕ ರೇಖೆ ದಾಟಿ ಸಿಯಾಟಲ್ ಮುಟ್ಟುವುದು ಅದೇ ದಿನದ ಮಧ್ಯಾಹ್ನಕ್ಕೆ ಮೊದಲು. ಗುರುವಾರ ಪೂರ್ತಿ ಕಳೆದು ಮತ್ತೆ ಗುರುವಾರಕ್ಕೆ ಕಾಲಿಡುವುದು. ಇದನ್ನು ನಮ್ಮ ದೊಡ್ಡಮ್ಮನಿಗೆ ಹೇಳಿದಾಗ ಅವರು ತುಂಬ ಹೊತ್ತು ಯೋಚಿಸಿ, “ಅಲ್ಲ ಕಣೇ, ಅವತ್ತು ಏಕಾದಶಿ ಆಗಿದ್ರೆ ಎರಡು ಸಲ ಉಪವಾಸ ಮಾಡ್ಬೇಕಾ?” ಎಂದು ಕೇಳಿದರು. ತಿಥಿ ಅನ್ನೋದು ಸೂರ್ಯ ಚಂದ್ರರ ನಡುವಿನ ಕೋನದ ಲೆಕ್ಕ, ಅದಕ್ಕೆ ದಿನಾಂಕ ರೇಖೆಯ ಗೊಡವೆ ಇಲ್ಲ, ಗುರುವಾರ ಎರಡು ಬಂದರೂ ಏಕಾದಶಿ ಒಂದೇ ಎಂದು ವಿವರಿಸಿದೆ.

“ಸದ್ಯ,” ಎಂದರು ದೊಡ್ಡಮ್ಮ. “ಹಾಗಿದ್ರೆ ದ್ವಾದಶಿ ಪಾರಣೆ ಯಾವೂರಲ್ಲಿ ಮಾಡೋದು ಅಂತ ಮೊದಲು ಗೊತ್ತುಮಾಡ್ಕೋ. ಆಮೇಲೆ ಟಿಕೆಟ್ ತಗೋ.”